ನೀರಿನಡಿಯಲ್ಲಿ ಗಾಳಿಯ ಹೊದಿಕೆ

ಅಂಟಾರ್ಕ್ಟಿಕದ ಮೆಕ್‌ಮರ್ಡೊ ಸೌಂಡ್ ಎಂಬ ಕಡಲಭಾಗದಲ್ಲಿ ನೀರಿನ ಉಷ್ಣತೆ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಕಡಿಮೆ. ಉಪ್ಪಿನ ದೆಸೆಯಿಂದ ಅದು ದ್ರವವಾಗಿಯೇ ಉಳಿಯುತ್ತದೆ. ಮೇಲಿನ ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಜೀವವಿಜ್ಞಾನಿಗಳು ಆ ನೀರಿಗಿಳಿಯುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಉತ್ತಮ ಶಾಖವಾಹಕ. ರಕ್ಷಣೆಯಿಲ್ಲದ ದೇಹ ಅಲ್ಲಿ ಬೇಗನೆ ನಿಶ್ಶಕ್ತವಾಗುವುದು. ಬೆರಳುಗಳು ಮರಗಟ್ಟಿದರೆ ಕವಾಟವನ್ನು ತಿರುಗಿಸುವುದೂ ಆಗದು. ಹಾಗಾದರೆ ಅವರನ್ನು ಕಾಪಾಡುವುದು ಯಾವುದು?

ನೀರು ನುಸುಳದ ಹೊರ ಉಡುಪಾದ ಡ್ರೈಸೂಟೇ ಕಾಪಾಡುತ್ತದೆಂದು ನಾವು ಊಹಿಸಬಹುದು. ಆದರೆ ತೆಳು ಬಟ್ಟೆಯ ಡ್ರೈಸೂಟು ನೀರನ್ನು ತಡೆಯುವುದೇ ಹೊರತು ಶಾಖವನ್ನು ತಡೆಯುವುದು ಅತ್ಯಲ್ಪ. ನಿಜವಾದ ರಕ್ಷಕವೆಂದರೆ ಒಳ ಉಡುಪಿನ ಎಳೆಗಳ ನಡುವೆ ಸೆರೆಯಾಗಿ ನಿಂತ ಗಾಳಿ. ಆದುದರಿಂದ ಒಳ ಉಡುಪನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಗಾಳಿಯನ್ನು ಎಷ್ಟು ಚೆನ್ನಾಗಿ ಹಿಡಿದಿಡಬಲ್ಲುದು?

ಗಾಳಿಯ ಮೊದಲ ಶತ್ರು ಒತ್ತಡ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ, ಬಾಯ್ಲನ ನಿಯಮದಂತೆ, ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಈ ಕೊರತೆಯನ್ನು ತುಂಬಲು ಮುಳುಗುವವನು ಸಿಲಿಂಡರಿನಿಂದ ಸೂಟಿನೊಳಕ್ಕೆ ಅನಿಲವನ್ನು ಬಿಡುತ್ತಾನೆ. ಆದರೂ ನೆಟ್ಟಗೆ ನಿಂತಾಗ ಅನಿಲ ಹೆಗಲಿನತ್ತ ಏರಿ, ಕಾಲುಗಳ ಬಳಿ ಸೂಟು ಬಿಗಿಯಾಗಿ ಒತ್ತುತ್ತದೆ. ಹಕ್ಕಿಯ ಮೃದುವಾದ ಪುಕ್ಕ ತುಂಬಿದ ಉಡುಪು ಇಲ್ಲಿ ಚಪ್ಪಟೆಯಾಗುವುದು. ಒತ್ತಿದರೂ ಪುಟಿದೇಳುವ ದಟ್ಟವಾದ ಎಳೆಗಳೇ ಬೇಕು.

ಎರಡನೆಯ ಶತ್ರು ತೇವ. ನೀರಿಗಿಳಿಯುವ ಮುನ್ನವೇ ದಪ್ಪ ಉಡುಪಿನೊಳಗೆ ಬೆವರುವುದುಂಟು. ಹತ್ತಿ ಬೆವರನ್ನು ಹೀರಿ ಹಿಡಿದಿಡುತ್ತದೆ. ಗಾಳಿಯಿದ್ದೆಡೆ ನೀರು ಸೇರುತ್ತದೆ. ಆದಕಾರಣ ಮೈಗೆ ತಾಗುವಂತೆ ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಬಟ್ಟೆಯನ್ನೂ ಅದರ ಮೇಲೆ ದಪ್ಪನೆಯ ಕೃತಕ ಎಳೆಯ ಉಡುಪನ್ನೂ ಧರಿಸುವುದು ಮೇಲು. ತೊಯ್ದಾಗಲೂ ಉಣ್ಣೆ ತನ್ನ ಪುಟಿತವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ.

ಹಾಗೆಂದು ದಪ್ಪವನ್ನು ಮಿತಿಮೀರಿ ಹೆಚ್ಚಿಸುವಂತಿಲ್ಲ. ಗಾಳಿ ಹೆಚ್ಚಿದಷ್ಟೂ ದೇಹ ತೇಲುತ್ತದೆ. ಮುಳುಗಲು ಹೆಚ್ಚು ಸೀಸದ ತೂಕವನ್ನು ಹೊರಬೇಕಾಗುತ್ತದೆ. ಕೈಕಾಲುಗಳ ಚಲನೆಯೂ ಕುಂಠಿತವಾಗುತ್ತದೆ.

ಅನಿಲದ ಆಯ್ಕೆಯೂ ಮುಖ್ಯ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಶಾಖವಾಹಕ. ಹೀಲಿಯಂ ಬೆರೆತ ಅನಿಲವನ್ನು ಉಸಿರಾಡುವವರು ಸೂಟಿಗೆಂದೇ ಬೇರೊಂದು ಪುಟ್ಟ ಸಿಲಿಂಡರನ್ನು ಒಯ್ಯುವುದು ಇದರಿಂದಲೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸೀಸೆಗಳಲ್ಲಿ ಬೆಚ್ಚನೆಯ ನೀರು ತುಂಬಿ, ಒಂದಕ್ಕೆ ಒಣ ಹತ್ತಿಬಟ್ಟೆಯನ್ನೂ ಇನ್ನೊಂದಕ್ಕೆ ಅದೇ ಬಗೆಯ ಒದ್ದೆ ಬಟ್ಟೆಯನ್ನೂ ಸುತ್ತಿರಿ. ಎರಡನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಒಳಗೆ ನೀರು ಹೋಗದಂತೆ ತಣ್ಣೀರಿನಲ್ಲಿಟ್ಟು, ಕಾಲು ಗಂಟೆಯ ಬಳಿಕ ಉಷ್ಣತೆಯನ್ನು ಅಳೆಯಿರಿ. ಬಟ್ಟೆ ಒಂದೇ ಆದರೂ ಫಲ ಬೇರೆಯಾಗುವುದೇಕೆಂದು ಉಷ್ಣಮಾಪಕವೇ ಹೇಳುವುದು.