ಮಾರ್ಚ್ ತಿಂಗಳ ಒಳಮಾತು

ಕತಾರಿನಲ್ಲಿ ಎಲ್ಲ ಶಾಲೆಗಳ ವರ್ಷವೂ ಒಂದೇ ಕಾಲಕ್ಕೆ ಮುಗಿಯುವುದಿಲ್ಲ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಬಿರುಬೇಸಿಗೆಯ ಜೂನ್ ಹೊತ್ತಿಗೆ ವರ್ಷವನ್ನು ಮುಗಿಸಿದರೆ, ಕನ್ನಡ ಕುಟುಂಬಗಳ ಹೆಚ್ಚಿನ ಮಕ್ಕಳು ಓದುವ ಸಿ.ಬಿ.ಎಸ್.ಇ. ಶಾಲೆಗಳು ಭಾರತದ ರೂಢಿಯಂತೆ ಮಾರ್ಚ್‌ನಲ್ಲಿ ಮುಗಿಸಿ ಏಪ್ರಿಲ್‌ನಲ್ಲಿ ಹೊಸ ತರಗತಿಗಳನ್ನು ಆರಂಭಿಸುತ್ತವೆ. ರಂಜಾನ್ ಮಾಸವು 2024ರಲ್ಲಿ ಮಾರ್ಚ್ 11ರಂದು, 2025ರಲ್ಲಿ ಮಾರ್ಚ್ 1ರಂದು ಆರಂಭವಾದ್ದರಿಂದ, ಪರೀಕ್ಷೆ, ಮೌಲ್ಯಮಾಪನ ಮತ್ತು ಫಲಿತಾಂಶಗಳ ಒತ್ತಡವು ಬದಲಾದ ದಿನಚರಿಯ ಮೇಲೆಯೇ ಬಂದು ಬಿತ್ತು. ಆ ಮಾಸದಲ್ಲಿ ಖಾಸಗಿ ವಲಯದ ಕೆಲಸದ ಅವಧಿಯನ್ನು ಕಾರ್ಮಿಕ ಕಾನೂನು ದಿನಕ್ಕೆ 6 ಗಂಟೆಗೆ ಇಳಿಸುತ್ತದೆ. ಆದರೆ ತಿದ್ದಬೇಕಾದ ಉತ್ತರಪತ್ರಿಕೆಗಳು ಕಡಿಮೆಯಾಗುವುದಿಲ್ಲ, ಅವು ಮನೆಗೆ ಬರುತ್ತವೆ.

ಇಂಥ ದಿನಗಳಲ್ಲಿ ಮನಸ್ಸು ತನ್ನೊಂದಿಗೆ ತಾನೇ ಆಡಿಕೊಳ್ಳುವ ಮಾತನ್ನು ಇಲ್ಲಿ ಒಳಮಾತು ಎಂದು ಕರೆಯಲಾಗಿದೆ. ಮಕ್ಕಳು ಆಟದ ನಡುವೆ ಗಟ್ಟಿಯಾಗಿ ತಮಗೆ ತಾವೇ ಹೇಳಿಕೊಳ್ಳುವ ಸೂಚನೆಗಳೇ ಕ್ರಮೇಣ ಒಳಸರಿದು ಚಿಂತನೆಯ ಸಾಧನವಾಗುತ್ತವೆ ಎಂಬುದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿಯ ಪ್ರತಿಪಾದನೆ. ದೋಹಾದ ಭಾರತೀಯ ಶಾಲೆಯೊಂದರಲ್ಲಿ ಬೋಧಿಸುವ, ಕರಾವಳಿ ಮೂಲದ ಪ್ರಸ್ತುತ ಲೇಖಕಿಯ ಅನುಭವವು ತೋರಿಸಿಕೊಟ್ಟದ್ದೇನೆಂದರೆ, ದಣಿವಿನ ಹೊತ್ತಿನಲ್ಲಿ ಈ ಮಾತು ಸೂಚನೆಯ ಗುಣವನ್ನು ಕಳೆದುಕೊಂಡು ತೀರ್ಪಿನ ರೂಪವನ್ನು ತಾಳುತ್ತದೆ. ‘ಇದು ಮುಗಿಯುವ ಕೆಲಸವೇ ಅಲ್ಲ’ ಎಂಬುದು ಅಂಥ ತೀರ್ಪು. ‘ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನವೂ ತೀರ್ಪೇ ಆದ್ದರಿಂದ ಅದು ಕೈಗೆ ಮುಂದಿನ ಕೆಲಸವನ್ನು ಕೊಡುವುದಿಲ್ಲ. ಅದರ ಬದಲು, ‘ನೋಡು ಮಾರಾಯ್ತಿ, ಈಗ ಐದು ಪೇಪರ್ ತಿದ್ದು, ಆಮೇಲೆ ಅಮ್ಮನಿಗೆ ಫೋನ್ ಮಾಡು, ಅಲ್ಲಿ ಆಗಲೇ ಹತ್ತು ಗಂಟೆ ಆಗ್ತಾ ಬಂತು’ ಎಂದು ಹೇಳಿಕೊಂಡ ಸಂಜೆಗಳಲ್ಲಿ ಕಟ್ಟು ಕರಗುತ್ತಿತ್ತು. ಭಾರತದ ಗಡಿಯಾರ ಎರಡೂವರೆ ಗಂಟೆ ಮುಂದಿದ್ದರೂ ಊರಿನ ಕರೆ ತಪ್ಪುತ್ತಿರಲಿಲ್ಲ.

ಹೀಗೆ ತನ್ನನ್ನು ಇನ್ನೊಬ್ಬರಂತೆ ಕರೆದು ಮಾತನಾಡಿಸುವ ಕ್ರಮಕ್ಕೆ ಪ್ರಯೋಗದ ಆಧಾರವೂ ಉಂಟು. ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುನ್ನ ತಮ್ಮನ್ನು ಹೆಸರಿನಿಂದ ಅಥವಾ ‘ನೀನು’ ಎಂದು ಕರೆದುಕೊಂಡು ಯೋಚಿಸಿದವರು, ‘ನಾನು’ ಎಂದು ಯೋಚಿಸಿದವರಿಗಿಂತ ಕಡಿಮೆ ಕಳವಳಗೊಂಡರು ಮತ್ತು ಚೆನ್ನಾಗಿ ಮಾತನಾಡಿದರು. ತನ್ನಿಂದ ತುಸು ದೂರ ನಿಂತು ತನ್ನನ್ನು ನೋಡಿಕೊಳ್ಳುವ ಈ ಬಗೆ ಕನ್ನಡಕ್ಕೆ ಹೊಸದಲ್ಲ. ದಾಸರು ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದರು, ಡಿ.ವಿ.ಜಿ.ಯವರು 1943ರ ಕಗ್ಗದಲ್ಲಿ ಮಂಕುತಿಮ್ಮನನ್ನು ಕರೆದು ಬುದ್ಧಿ ಹೇಳಿದರು.

ವರ್ಷಾಂತ್ಯದ ಭಾವನೆಗಳೆಲ್ಲ ಕೆಲಸದ ಒತ್ತಡದಿಂದಲೇ ಹುಟ್ಟುವುದಿಲ್ಲ. ಕತಾರಿನಲ್ಲಿ ಕುಟುಂಬದ ವಾಸ್ತವ್ಯ ದುಡಿಯುವವರ ನೌಕರಿಯನ್ನು ಅವಲಂಬಿಸಿರುವುದರಿಂದ, ಮಾರ್ಚ್ ಎಂದರೆ ಟಿ.ಸಿ. ಪಡೆದು ಹೊರಡುವವರ ತಿಂಗಳೂ ಹೌದು. ಹತ್ತಿರದ ಗೆಳತಿ ಮಂಗಳೂರಿಗೆ ಹಿಂತಿರುಗುತ್ತಾಳೆಂದು ತಿಳಿದ ಬಾಲಕಿ ಗಣಿತದ ಪರೀಕ್ಷೆಯ ಮುನ್ನಾದಿನ ಪೆನ್ಸಿಲ್ ಡಬ್ಬಿಗಾಗಿ ತಮ್ಮನೊಡನೆ ಜಗಳವಾಡಿದರೆ, ಆ ಸಿಟ್ಟಿನ ಮೂಲ ಡಬ್ಬಿಯಲ್ಲಿರುವುದಿಲ್ಲ. ‘ವಾಟ್ಸ್‌ಆ್ಯಪ್ ಇದೆಯಲ್ಲ’ ಎಂದು ತಕ್ಷಣ ಸಮಾಧಾನಪಡಿಸುವುದಕ್ಕಿಂತ, ‘ಅವಳು ಹೋಗ್ತಾಳೆ ಅಂತ ಬೇಜಾರಾ?’ ಎಂದು ಕೇಳಿ ಉತ್ತರಕ್ಕೆ ಕಾಯುವುದು ಹೆಚ್ಚು ಫಲಕೊಡುತ್ತದೆ. ಭಾವನೆಗೆ ಹೆಸರಿಡುವುದರಿಂದ ಮೆದುಳಿನ ಅಮಿಗ್ಡಲಾ ಎಂಬ, ಭಯ ಮುಂತಾದ ಭಾವಗಳಿಗೆ ಸ್ಪಂದಿಸುವ ಭಾಗದ ಚಟುವಟಿಕೆ ತಗ್ಗುತ್ತದೆಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಅಧ್ಯಯನ ತೋರಿಸಿತು. ಹೆಸರು ಸಿಕ್ಕ ಮೇಲೆ ಮಗು ಅತ್ತರೂ ಪುಸ್ತಕಕ್ಕೆ ಹಿಂತಿರುಗಬಲ್ಲದು. ಹೆಸರಿಲ್ಲದ ಬೇಸರ ಮಾತ್ರ ಮನೆಯವರೆಲ್ಲರ ಮೇಲೆ ಹರಿಹಾಯುತ್ತದೆ.

ಒಳಮಾತಿಗೂ ಮಿತಿಯುಂಟು. ಅದು ಕೆಲಸವನ್ನು ಕಡಿಮೆ ಮಾಡುವುದಿಲ್ಲವಾದ್ದರಿಂದ, ಸೂಚನಾಫಲಕದ ಅಲಂಕಾರದಂಥ ಕೆಲಸಗಳನ್ನು ಏಪ್ರಿಲ್‌ಗೆ ಮುಂದೂಡುವುದು, ಹೊರೆ ಮಿತಿಮೀರಿದಾಗ ಮೇಲಿನವರಿಗೆ ಬಾಯಿಬಿಟ್ಟು ಹೇಳುವುದು ಮತ್ತು ನಿದ್ದೆಗೆಟ್ಟ ರಾತ್ರಿಗಳು ಮುಂದುವರಿದರೆ ವೈದ್ಯರನ್ನು ಕಾಣುವುದು ಬೇರೆಯಾಗಿಯೇ ನಡೆಯಬೇಕು. ‘ಗಟ್ಟಿಯಾಗಿರು’ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಇವನ್ನೆಲ್ಲ ತಪ್ಪಿಸಿಕೊಳ್ಳುವುದಾದರೆ, ಆ ಒಳಮಾತೂ ಹೊರೆಗೆ ಇನ್ನೊಂದು ಸೇರ್ಪಡೆಯಷ್ಟೇ.