ಕುಳ್ಳಿನ ಗೋಡೆ

ಟೆನಿಸ್ ರ‍್ಯಾಕೆಟ್ ಮೊದಲ ಸಲ ಹಿಡಿದಾಗ ನನಗೆ 34. ಧಾರವಾಡದಲ್ಲಿ ನೌಕರಿ, ಬೆಳಿಗ್ಗೆ ಒಂದು ತಾಸು ಕೋರ್ಟು, ಗುರು ಮೊಬೈಲು. ಟೆನಿಸ್ ತಾರೆ ನಡಾಲ್ ಚೆಂಡು ಹೊಡೆದ ಮೇಲೆ ರ‍್ಯಾಕೆಟ್ಟನ್ನು ತಲೆಯ ಮೇಲೆ ಸುತ್ತಿಸುತ್ತಿದ್ದನಲ್ಲ, ಅದನ್ನೇ ಎರಡು ವರ್ಷ ನಕಲು ಮಾಡಿದೆ. ಹತ್ತರಲ್ಲಿ ಒಂದು ಹೊಡೆತ ಅದ್ಭುತ. ಉಳಿದವು ನೆಟ್ಟಿಗೆ, ಇಲ್ಲವೇ ಕಾಂಪೌಂಡಿನ ಆಚೆ. ಮೊಣಕೈ ನೋವು ಬೇರೆ. ಚಹಾದ ಕಪ್ಪು ಎತ್ತಲೂ ಎಡಗೈ ಬೇಕಾಯಿತು.

ದಿನಾ ಆಡಲು ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ಒಂದು ದಿನ ತಡೆಯಲಾರದೆ, “ತಮ್ಮಾ, ಚೆಂಡು ಹೊಡೀಲಿಕ್ಕೆ ಬಂದೀಯೋ, ನೊಣಾ ಹೊಡೀಲಿಕ್ಕೆ ಬಂದೀಯೋ?” ಎಂದರು. ಕೈ ಕುಲುಕುವಂತೆ ಹಿಡಿ, ಭುಜ ತಿರುಗಿಸು, ಕೈ ಬೆನ್ನ ಹಿಂದೆ ಒಯ್ಯಬೇಡ, ಚೆಂಡು ಮುಂಗಾಲಿನ ಮುಂದಿರುವಾಗಲೇ ತಾಗಿಸು. ಅವರು ಹೇಳಿದ್ದು ಇಷ್ಟೇ. ಮಾಡಲು ಹೋದರೆ ಬರಲಿಲ್ಲ.

ಬಂದದ್ದು ನಮ್ಮೂರು ರೋಣದಲ್ಲಿ. ದೀಪಾವಳಿ ರಜೆಗೆ ಹೋದವನು ಹಿತ್ತಲ ಗೋಡೆಗೆ 3 ಅಡಿ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ನೆಟ್ಟಿನ ನಡುಭಾಗ ಅಷ್ಟೇ ಎತ್ತರ. ಕೆಳಗೆ ನಮ್ಮ ಎರಿ ಮಣ್ಣು. ಬಿರುಕಿಗೆ ಬಿದ್ದ ಚೆಂಡು ಎತ್ತ ಜಿಗಿಯುವುದೋ ದೇವರೇ ಬಲ್ಲ, ಉದ್ದಕ್ಕೆ ಬೀಸಲು ವ್ಯವಧಾನವೇ ಇಲ್ಲ. ನಾಲ್ಕು ಹನಿ ಬಿದ್ದರಂತೂ 58 ಗ್ರಾಮಿನ ಚೆಂಡು ಮಣ್ಣಿನ ಉಂಡಿ.

ಗೋಡೆಯ ಆ ತುದಿಗೆ ಅವ್ವ ಕುಳ್ಳು ತಟ್ಟುತ್ತಿದ್ದಳು. ಕೈ ಒಂದು ಗೇಣೂ ಹಿಂದಕ್ಕೆ ಹೋಗುತ್ತಿರಲಿಲ್ಲ. ಅಂಗೈ ಗೋಡೆಯತ್ತ, ಮೈಭಾರ ಮುಂಗಾಲಿಗೆ, ಪಟ್! ಒಂದೂ ಜಾರಲಿಲ್ಲ. ರ‍್ಯಾಕೆಟ್ಟೇ ನನ್ನ ಅಂಗೈ ಎಂದುಕೊಂಡು ಹೊಡೆಯತೊಡಗಿದೆ. ಮೊದಲ ದಿನ ಸತತವಾಗಿ 11. ರಜೆ ಮುಗಿಯುವಷ್ಟರಲ್ಲಿ 60 ದಾಟಿತು.

ನಡಾಲ್‌ನದು ತಪ್ಪೆಂದಲ್ಲ. ಆ ಸುತ್ತು ಚೆಂಡಿಗೆ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವ ಗಿರಕಿ, ಕೊಟ್ಟಾದ ಮೇಲಿನ ಉಳಿಕೆ. ನಾನು ಉಳಿಕೆಯನ್ನಷ್ಟೇ ಕದ್ದಿದ್ದೆ. ಸಣ್ಣ ಬೀಸು ಕಲಿಯುವವರಿಗೆ ಮಾತ್ರ ಎಂಬ ಭ್ರಮೆಯೂ ಇತ್ತು. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆಗ ಸರ್ವ್ ಹಿಂದಿರುಗಿಸುವ ಕೈಗಳನ್ನೇ ನೋಡುತ್ತ ಕೂತೆ. 78 ಅಡಿ ಕೋರ್ಟಿನ ಆಚೆಯಿಂದ ಗಂಟೆಗೆ 200 ಕಿ.ಮೀ. ವೇಗದಲ್ಲಿ ಬರುವ ಚೆಂಡನ್ನು ಹಿಂದಿರುಗಿಸಲು ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಶೋಕಿಗೆ ಜಾಗವೆಲ್ಲಿ?

ಈಗಲೂ ಊರಿಗೆ ಹೋದರೆ ಗೋಡೆ ಅರ್ಧ ನನ್ನದು, ಅರ್ಧ ಅವ್ವನದು. ಗುರಿ ತಪ್ಪಿ ಹಸಿ ಕುಳ್ಳಿಗೆ ಬಡಿದ ಚೆಂಡನ್ನು ಮಾತ್ರ ಅವಳು ಎತ್ತಿಕೊಡುವುದಿಲ್ಲ. “ನೀನ ತಗೊಂಡು ತೊಳಕೋ” ಅನ್ನುತ್ತಾಳೆ.