ಸೂತಕವೂ ಒಳಸೇರಿಸುವ ಕರ್ಮವೂ

ಓದತಕ್ಕ ಭಾಗಗಳು: ಯಾಜಕಕಾಂಡ 12, ಮಾರ್ಕ 5:25–34, ಲೂಕ 2:22–24.

ಹಿರಿಯೂರು, ಚಳ್ಳಕೆರೆ ಸೀಮೆಗಳಲ್ಲಿ ಸಂಚರಿಸಿದವರು ಕಾಡುಗೊಲ್ಲರ ಹಟ್ಟಿಗಳನ್ನು ನೋಡಿಯೇ ಇರುವರು. ಸುತ್ತಲೂ ಮುಳ್ಳಿನ ಬೇಲಿ, ಒಳಗೆ ಮನೆಗಳು, ಜುಂಜಪ್ಪ ಎತ್ತಪ್ಪ ಮೊದಲಾದ ಅವರ ದೇವರುಗಳ ಗುಡಿ. ಬೇಲಿಯ ಒಳಗಿನ ನೆಲವೆಲ್ಲಾ ದೇವರಿಗೆ ಮೀಸಲಾದದ್ದೆಂದು ಅವರು ಎಣಿಸುವದರಿಂದ, ಹೆತ್ತ ತಾಯಿಯು ತನ್ನ ಹಸುಗೂಸಿನ ಸಂಗಡ ಹೊರಗೆ ಒಂದು ಗುಡಿಸಲಿನಲ್ಲಿ ದಿವಸಗಳನ್ನು ಕಳೆಯಬೇಕೆಂಬ ಪದ್ಧತಿಯು ಬಹುಕಾಲದಿಂದ ನಡೆದು ಬಂತು. ಮುಟ್ಟಾದ ಸ್ತ್ರೀಯರಿಗೂ ಹಾಗೆಯೇ. ಅನೇಕ ಹಟ್ಟಿಗಳಲ್ಲಿ ಇದು ಈಗ ಸಡಿಲವಾಗಿದೆ. ಕೆಲವುಗಳಲ್ಲಿ ಇನ್ನೂ ಉಳಿದಿದೆ.

ನೆರೆಯವರನ್ನು ಹಾಸ್ಯಮಾಡುವದು ಈ ಪಾಠದ ಉದ್ದೇಶವಲ್ಲ. ಮತಗಳಲ್ಲಿ ಕರ್ಮಾಚಾರಗಳು ಯಾತಕ್ಕೆ ಹುಟ್ಟಿದವು, ಅವು ಏನನ್ನು ಮಾಡುತ್ತವೆ ಎಂಬದನ್ನು ಈ ಒಂದು ದೃಷ್ಟಾಂತದಿಂದ ವಿಚಾರಿಸೋಣ.

ಫ್ರೆಂಚ್ ವಿದ್ವಾಂಸನಾದ ವಾನ್ ಗೆನೆಪ್ ಎಂಬವನು 1909ರಲ್ಲಿ ಬರೆದ ಗ್ರಂಥದಲ್ಲಿ, ಹುಟ್ಟು, ಮದುವೆ, ಮರಣ ಮೊದಲಾದವುಗಳ ಕರ್ಮಗಳಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಲುಗಳಿವೆ ಎಂದು ತೋರಿಸಿದನು. ಮೊದಲು ಮನುಷ್ಯನನ್ನು ಹಳೆಯ ಸ್ಥಿತಿಯಿಂದ ಬೇರ್ಪಡಿಸುವದು. ಆಮೇಲೆ ಹೊಸ್ತಿಲ ಮೇಲೆ ನಿಲ್ಲಿಸಿದಂತೆ ಸ್ವಲ್ಪ ಕಾಲ ಇರಿಸುವದು. ಕಡೆಗೆ ಹೊಸ ಸ್ಥಾನದಲ್ಲಿ ಒಳಗೆ ಸೇರಿಸಿಕೊಳ್ಳುವದು. ನಿನ್ನೆ ಸೊಸೆಯಾಗಿದ್ದವಳು ಇಂದು ತಾಯಿ. ನಿನ್ನೆ ಇಲ್ಲದ ಜೀವವು ಇಂದು ಮನೆಯಲ್ಲಿದೆ. ಇಷ್ಟು ದೊಡ್ಡ ಬದಲಾವಣೆಯನ್ನು ಮನುಷ್ಯರು ಸುಮ್ಮನೆ ದಾಟಲಾರರು. ಆದಕಾರಣವೇ ನಮ್ಮ ಸೀಮೆಯ ಮನೆಗಳಲ್ಲಿ ಪುಣ್ಯಾಹ, ನಾಮಕರಣ, ತೊಟ್ಟಿಲ ಶಾಸ್ತ್ರ, ಬಾಣಂತಿಯು ನೀರಿನ ಬಳಿಗೆ ಹೋಗಿ ಮಾಡುವ ಗಂಗೆಪೂಜೆ ಇವೆಲ್ಲಾ ಉಂಟಾದವು. ಮುಸಲ್ಮಾನರಲ್ಲಿ ಕೂಸಿನ ಕಿವಿಯಲ್ಲಿ ಬಾಂಗಿನ ಮಾತುಗಳನ್ನು ಹೇಳುತ್ತಾರೆ. ಏಳನೆಯ ದಿನದಲ್ಲಿ ಅಕೀಕಾ ಮಾಡುತ್ತಾರೆ. ಜಪಾನ್ ದೇಶದ ಕೆಲವು ಹಳ್ಳಿಗಳಲ್ಲಿಯೂ ಹೆರಿಗೆಗೆ ಬೇರೆ ಗುಡಿಸಲು ಇರುತ್ತಿತ್ತು. ಸುಮಾರು ಒಂದು ತಿಂಗಳಾದ ಮೇಲೆ ಕೂಸನ್ನು ದೇವಸ್ಥಾನಕ್ಕೆ ತರುವ ಪದ್ಧತಿ ಅಲ್ಲಿ ಈಗಲೂ ಉಂಟು.

ಇಸ್ರಾಯೇಲ್ಯರ ನಿಯಮವನ್ನು ನೋಡಿರಿ. ಗಂಡುಮಗುವನ್ನು ಹೆತ್ತವಳಿಗೆ ಏಳು ದಿನವೂ ಮೂವತ್ತಮೂರು ದಿನವೂ, ಹೆಣ್ಣುಮಗುವಾದರೆ ಅದರ ಇಮ್ಮಡಿ. ಆದರೆ ಅಧ್ಯಾಯವು ಅಲ್ಲಿಗೆ ಮುಗಿಯುವದಿಲ್ಲ. ದಿವಸಗಳು ತುಂಬಿದಾಗ ಅವಳು ಕಾಣಿಕೆಯೊಡನೆ ಬಾಗಲಿಗೆ ಬರಬೇಕು, ಯಾಜಕನು ಅವಳನ್ನು ಸೇರಿಸಿಕೊಳ್ಳಬೇಕು. ಕುರಿಮರಿಗೆ ಗತಿಯಿಲ್ಲದವಳು ಎರಡು ಹಕ್ಕಿಗಳನ್ನು ತಂದರೂ ಸಾಕು. ಮರಿಯಳು ತಂದದ್ದು ಈ ಬಡವರ ಕಾಣಿಕೆಯೇ ಎಂದು ಲೂಕನು ಸೂಚಿಸುತ್ತಾನೆ. ಕಳುಹಿಸುವ ವಿಧಿಗಿಂತಲೂ ಕರತರುವ ವಿಧಿಗೆ ಅಲ್ಲಿ ಹೆಚ್ಚು ಎಚ್ಚರಿಕೆ ಉಂಟೆಂದು ನನಗೆ ತೋರುತ್ತದೆ.

ಬೇರ್ಪಡಿಸುವದರಲ್ಲಿ ಹಿತವೂ ಇತ್ತೆಂಬದನ್ನು ಮರೆಯಬಾರದು. ದಿನವೆಲ್ಲಾ ಬೀಸಿ, ಕುಟ್ಟಿ, ನೀರು ಹೊತ್ತು ದಣಿಯುತ್ತಿದ್ದ ಹೆಂಗಸಿಗೆ ಸೂತಕದ ಹೆಸರಿನಲ್ಲಿಯಾದರೂ ವಿಶ್ರಾಂತಿ ಸಿಕ್ಕುತ್ತಿತ್ತು. ಕಂಡಕಂಡವರು ಕೂಸನ್ನು ಮುಟ್ಟುತ್ತಿರಲಿಲ್ಲ. ಆದರೆ ವಿಶ್ರಾಂತಿಗೆ ಬೇಕಾದದ್ದು ಬೆಚ್ಚಗಿನ ಕೋಣೆಯೇ ಹೊರತು ಬೇಲಿಯ ಹೊರಗಿನ ಮಳೆಗಾಳಿಯಲ್ಲ. 2023ನೆಯ ಜುಲೈ ತಿಂಗಳಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ತಾಯಿಯ ಸಂಗಡ ಹೊರಗಿದ್ದ ಹಸುಗೂಸು ಶೀತದಿಂದ ಕಾಯಿಲೆಬಿದ್ದು ತೀರಿಕೊಂಡಿತು. ಸರಕಾರದವರು ಕೆಲವು ಹಟ್ಟಿಗಳ ಬಳಿಯಲ್ಲಿ ಕೃಷ್ಣ ಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿದರು. ಮಳೆಗೆ ಸೂರಾಯಿತು, ಸರಿ. ಆದರೂ ತಾಯಿಯು ಇರುವದು ಹೊರಗೇ ಅಲ್ಲವೇ? ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಪ್ರತ್ಯೇಕಿಸುವದನ್ನು ನಮ್ಮ ರಾಜ್ಯದ 2017ನೆಯ ಕಾನೂನು, ಅಂದರೆ ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ಅಧಿನಿಯಮವು, ಅಪರಾಧವೆಂದು ಎಣಿಸುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಅದೇ ಕಾನೂನು ಮುಟ್ಟುವದಿಲ್ಲ. ನೇಪಾಳದಲ್ಲಿ ಛೌಪಡಿ ಎಂಬ ಇಂಥದೇ ಪದ್ಧತಿಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ನಿಷೇಧಿಸಿತು. 2017ರಲ್ಲಿ ಶಿಕ್ಷೆಯೂ ಗೊತ್ತಾಯಿತು.

ಇಂಥ ವಿಚಾರಣೆಯು ಪರದೇಶದಿಂದ ಬಂದದ್ದೆಂದು ಯಾರೂ ತಿಳಿಯಬೇಡಿರಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ರೈಸ್ ದೊರೆಯು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ ಇವುಗಳನ್ನೇ ಧರ್ಮವೆಂದು ಸಾರುತ್ತದೆ. ಅದೇ ಅರಸನ ಮತ್ತೊಂದು ಶಾಸನವು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣಗಳಲ್ಲಿ ಜನರು ಮಾಡುವ ಮಂಗಲಕಾರ್ಯಗಳನ್ನು ಅದು ಬೇಡವೆನ್ನುವದಿಲ್ಲ. ಅವುಗಳ ಫಲವು ಅಲ್ಪ, ಆಳುಗಳಿಗೆ ದಯೆ ತೋರಿಸುವದೇ ಮೊದಲಾದ ನಡತೆಯು ಹೆಚ್ಚು ಫಲವುಳ್ಳ ಮಂಗಲವೆಂದು ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣರಂತೂ ಇನ್ನೂ ಮುಂದೆ ಹೋದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವನ್ನು ಧರಿಸಿದವರಿಗೆ ಇಲ್ಲವೆಂಬದು ವೀರಶೈವರ ಸಿದ್ಧಾಂತ. ಚಿತ್ರದುರ್ಗ, ಸಿರಿಗೆರೆಗಳ ಮಠಗಳ ನಡುವೆ ಬಾಳುವ ನಾವು ಇದನ್ನು ತಿಳಿದಿರತಕ್ಕದ್ದು. ಸಿದ್ಧಾಂತವು ಮನೆಯ ಹಿತ್ತಲ ವರೆಗೆ ಬಂತೋ ಎಂಬದು ಬೇರೆ ಪ್ರಶ್ನೆ. ಆ ಪ್ರಶ್ನೆಯು ನಮಗೂ ಉಂಟು.

ಇಂಗ್ಲೆಂಡಿನ ಸಭೆಯವರ 1549ರ ಪ್ರಾರ್ಥನಾ ಪುಸ್ತಕದಲ್ಲಿ ಸ್ತ್ರೀಯರ ಶುದ್ಧೀಕರಣ ಎಂಬ ಕ್ರಮವಿತ್ತು. 1552ರಲ್ಲಿ ಅದರ ಹೆಸರನ್ನು ತೆಗೆದು ಹೆರಿಗೆಯ ನಂತರದ ಸ್ತೋತ್ರಾರ್ಪಣೆ ಎಂದು ಬರೆದರು. ಮೂರೇ ವರುಷಗಳಲ್ಲಿ ಅಶುದ್ಧಳಾಗಿದ್ದವಳು ಸ್ತೋತ್ರಮಾಡುವವಳಾದಳು! ಹೆಸರು ಬದಲಾದರೂ ನಲವತ್ತು ದಿನ ದೇವಾಲಯಕ್ಕೆ ಬಾರದ ತಾಯಂದಿರೂ, ಮುಟ್ಟಾದ ದಿವಸ ಕರ್ತನ ಮೇಜಿನ ಬಳಿಗೆ ಬಾರದೆ ಹಿಂದೆ ಕುಳಿತುಕೊಳ್ಳುವ ಸಹೋದರಿಯರೂ ನಮ್ಮ ಹಳ್ಳಿಯ ಸಭೆಗಳಲ್ಲಿ ಇದ್ದಾರೆ. ಹನ್ನೆರಡು ವರುಷ ರಕ್ತಸ್ರಾವವಿದ್ದವಳು ಗುಂಪಿನಲ್ಲಿ ತನ್ನ ವಸ್ತ್ರವನ್ನು ಮುಟ್ಟಿದಾಗ ಯೇಸುವು ಗದರಿಸಲಿಲ್ಲ, ಮಗಳೆಂದು ಕರೆದನು. ಇದನ್ನು ನಾವು ಪ್ರತಿ ವರುಷವೂ ಓದುತ್ತೇವೆ.

ಹೊಳಲ್ಕೆರೆಯ ಕಡೆಯ ಒಂದು ಮನೆಯಲ್ಲಿ ನಾನು ಈ ಭಾಗವನ್ನು ಓದಿದಾಗ ವೃದ್ಧ ತಾಯಿಯೊಬ್ಬಳು, ಅಯ್ಯಾ, ನಲವತ್ತು ದಿನವೂ ಅದೇ ಪುಸ್ತಕದಲ್ಲಿಯೇ ಉಂಟಲ್ಲಾ, ಎಂದು ಕೇಳಿದಳು. ಉಂಟೆಂದು ಒಪ್ಪಿಕೊಳ್ಳಬೇಕಾಯಿತು. ಬಾಗಲಲ್ಲಿ ಸೇರಿಸಿಕೊಳ್ಳುವ ಮಾತನ್ನೂ ಎರಡು ಹಕ್ಕಿಗಳ ಮಾತನ್ನೂ ಓದಿ ತೋರಿಸಿದೆನು. ಅವಳು ಏನೂ ಹೇಳಲಿಲ್ಲ. ಸೊಸೆಯು ಮರುವಾರ ಬರಲಿಲ್ಲ. ನಲವತ್ತು ತುಂಬಿದ ಮೇಲೆಯೇ ಬಂದಳು. ಆದರೆ ಆ ದಿನ ಅತ್ತೆಯು ಅವಳಿಗಿಂತ ಮುಂಚೆ ಬಂದು ಮುಂದಿನ ಚಾಪೆಯ ಮೇಲೆ ಸ್ಥಳಮಾಡಿ, ಬಾಗಲಿಗೆ ಹೋಗಿ ಕೂಸನ್ನು ತಾನೇ ಎತ್ತಿಕೊಂಡು ಒಳಗೆ ಕರೆದು ತಂದಳು.